ಸೈನ್ಯದ ಕೈಗೆ ಸಿಕ್ಕ ಹಳ್ಳಿಗಾಡು: ಮಿಸೌರಿಯ ಗಡಿ ಕೌಂಟಿಗಳು, 1861–65 (ಪದೇ ಪದೇ ಕೇಳುವ ಪ್ರಶ್ನೆಗಳು)

ನಾವು ಇರುವುದು ಅಮೆರಿಕದ ಕಾನ್ಸಾಸ್ ಸಿಟಿ ಹತ್ತಿರ. ಹೆಸರಲ್ಲಿ ಕಾನ್ಸಾಸ್ ಇದ್ದರೂ ಈ ಊರು ಇರುವುದು ಮಿಸೌರಿ ರಾಜ್ಯದಲ್ಲಿ. ಊರಿಂದ ಬಂದ ನೆಂಟರನ್ನು ಕಾರಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಹೋದಾಗಲೆಲ್ಲ ಒಂದು ಮಾತು ಬರುತ್ತದೆ. "ಇನ್ನೂರು ವರ್ಷದ ಊರುಗಳು ಅಂತೀರಿ, ಹಳೇ ಮನೆ ಒಂದೂ ಕಾಣಲ್ಲವಲ್ಲ?" ಅದಕ್ಕೆ ಉತ್ತರ ಹೇಳಲು ಹೊರಟರೆ 1863ಕ್ಕೆ ಹೋಗಬೇಕು. ಒಂದು ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಇನ್ನೆರಡು ಹುಟ್ಟಿಕೊಳ್ಳುತ್ತವೆ. ಕಾರಿನಲ್ಲಿ, ಊಟದ ಹೊತ್ತಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಲ್ಲೇ ಇಲ್ಲಿ ಇಟ್ಟಿದ್ದೇನೆ.

## ಮೊದಲು ತಿಳಿಯಬೇಕಾದ್ದು

ಯಾವ ಯುದ್ಧ, ಯಾವ ಜಾಗ? ಮೊದಲು ಅದನ್ನು ಹೇಳಿ.

ಅಮೆರಿಕದ ಅಂತರ್ಯುದ್ಧ, 1861ರಿಂದ 1865. ಗುಲಾಮಗಿರಿ ಉಳಿಯಬೇಕು ಎಂದ ದಕ್ಷಿಣದ ರಾಜ್ಯಗಳು ಬೇರೆಯಾಗಲು ಹೊರಟವು, ಉತ್ತರದವರು ಬಿಡಲಿಲ್ಲ. ಉತ್ತರದ ಪಕ್ಷಕ್ಕೆ ಯೂನಿಯನ್ ಅಂತ ಹೆಸರು. ನಾನು ಹೇಳುತ್ತಿರುವುದು ಮಿಸೌರಿ ರಾಜ್ಯದ ಪಶ್ಚಿಮ ಅಂಚಿನ ನಾಲ್ಕು ಕೌಂಟಿಗಳ ಕಥೆ: ಜಾಕ್ಸನ್, ಕ್ಯಾಸ್, ಬೇಟ್ಸ್, ವರ್ನನ್. ಕೌಂಟಿ ಅಂದರೆ ನಮ್ಮ ದೊಡ್ಡ ತಾಲೂಕು ಅಂದುಕೊಳ್ಳಿ. ಅಲ್ಲಿನವರು ಜೋಳ ಬೆಳೆದು ಹಂದಿ, ದನ ಸಾಕಿಕೊಂಡಿದ್ದ ಜನ. ಗಡಿ ದಾಟಿದರೆ ಕಾನ್ಸಾಸ್. ಮಿಸೌರಿಯಲ್ಲಿ ಗುಲಾಮಗಿರಿ ಇತ್ತು, ಕಾನ್ಸಾಸ್ ಬೇಡ ಎಂದಿತ್ತು. ಈ ಜಗಳದಲ್ಲಿ ಎರಡೂ ಕಡೆಯವರು 1850ರ ದಶಕದಿಂದಲೇ ಒಬ್ಬರ ಊರನ್ನೊಬ್ಬರು ಸುಡುತ್ತಿದ್ದರು. ಅಂದರೆ ದೊಡ್ಡ ಯುದ್ಧಕ್ಕೆ ಮೊದಲೇ ಇಲ್ಲಿ ಸಣ್ಣ ಯುದ್ಧ ಶುರುವಾಗಿತ್ತು.

ಮಾರ್ಷಲ್ ಲಾ ಅಂದ್ರೆ ನಮ್ಮ ಎಮರ್ಜೆನ್ಸಿ ಥರಾನಾ?

ಅಲ್ಲ. 1975ರಲ್ಲಿ ನಮ್ಮಲ್ಲಿ ಹಕ್ಕುಗಳನ್ನು ಕಿತ್ತುಕೊಂಡಿದ್ದರೂ ಆಡಳಿತ ನಡೆಸಿದ್ದು ಡಿಸಿ, ಪೊಲೀಸು, ಮಂತ್ರಿಗಳೇ. ಮಾರ್ಷಲ್ ಲಾ ಬಂದರೆ ಸೈನ್ಯದ ಅಧಿಕಾರಿಯ ಮಾತೇ ಕಾನೂನು. ಹಿಡಿಯುವವನು, ವಿಚಾರಣೆ ಮಾಡುವವನು, ಶಿಕ್ಷೆ ಕೊಡುವವನು ಎಲ್ಲರೂ ಸಮವಸ್ತ್ರದವರೇ. ನಮ್ಮ ಸಂವಿಧಾನದಲ್ಲೂ ಈ ಪದ ಇದೆ, 34ನೇ ವಿಧಿಯಲ್ಲಿ. ಆದರೆ ಅದು ಏನು, ಹೇಗೆ ಅಂತ ಅಲ್ಲಿ ವಿವರಿಸಿಲ್ಲ.

ಮಿಸೌರಿ ಲಿಂಕನ್ ಕಡೆಗೇ ಇತ್ತಲ್ಲ, ಮತ್ತೆ ಅಲ್ಲೇಕೆ ಸೈನ್ಯದ ಆಡಳಿತ?

ಇದ್ದದ್ದು ಹೆಸರಿಗೆ. 1861ರ ಮಾರ್ಚಲ್ಲಿ ರಾಜ್ಯದ ಸಭೆ ಒಕ್ಕೂಟ ಬಿಡುವುದು ಬೇಡ ಎಂದಿತು. ಗವರ್ನರ್ ಕ್ಲೈಬೋರ್ನ್ ಜಾಕ್ಸನ್ ಮಾತ್ರ ದಕ್ಷಿಣದ ಪರ. ಅವನನ್ನು ರಾಜಧಾನಿಯಿಂದ ಓಡಿಸಿ, ಹ್ಯಾಮಿಲ್ಟನ್ ಗ್ಯಾಂಬಲ್ ಎಂಬವನನ್ನು ತಾತ್ಕಾಲಿಕ ಗವರ್ನರ್ ಮಾಡಿದರು. ಒಂದೇ ಊರಲ್ಲಿ, ಒಂದೇ ಚರ್ಚಿನಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ ಎರಡು ಪಕ್ಷ.

ಜನರಲ್ ಜಾನ್ ಫ್ರೆಮಾಂಟ್ 1861ರ ಆಗಸ್ಟ್ 30ರಂದು ಇಡೀ ರಾಜ್ಯಕ್ಕೆ ಮಾರ್ಷಲ್ ಲಾ ಸಾರಿದ. ತನ್ನ ಸೈನ್ಯ ಹಾಕಿದ ಗೆರೆಯೊಳಗೆ ಆಯುಧ ಹಿಡಿದು ಸಿಕ್ಕವನನ್ನು ಸೇನಾ ನ್ಯಾಯಾಲಯದಲ್ಲಿ ವಿಚಾರಿಸಿ ಗುಂಡಿಕ್ಕುತ್ತೇವೆ, ದಂಗೆಕೋರರ ಗುಲಾಮರನ್ನು ಬಿಡುಗಡೆ ಮಾಡುತ್ತೇವೆ ಎಂದ. ಲಿಂಕನ್ ಗಾಬರಿಯಾದ. ನನ್ನ ಒಪ್ಪಿಗೆ ಇಲ್ಲದೆ ಯಾರಿಗೂ ಗುಂಡಿಕ್ಕಬೇಡ ಎಂದು ಬರೆದ, ಗುಲಾಮರ ವಿಷಯವನ್ನು ತಿದ್ದಿಸಿದ. ನವೆಂಬರಿನಲ್ಲಿ ಫ್ರೆಮಾಂಟ್ ಕೆಲಸ ಹೋಯಿತು. ಸೈನ್ಯದ ಆಡಳಿತ ಮಾತ್ರ ಬೇರೆ ಬೇರೆ ರೂಪದಲ್ಲಿ ಯುದ್ಧ ಮುಗಿಯುವ ತನಕ ಉಳಿಯಿತು.

## ದಿನದ ಬದುಕು

ಹಳ್ಳಿಯಲ್ಲಿ ನಿಜವಾಗಿ ಅಧಿಕಾರ ನಡೆಸುತ್ತಿದ್ದವನು ಯಾರು?

ಜನರಲ್‌ಗಳ ಹೆಸರು ಪುಸ್ತಕದಲ್ಲಿ ಬರುತ್ತದೆ. ಹಳ್ಳಿಯವನು ಕಂಡದ್ದು ಪ್ರೊವೋಸ್ಟ್ ಮಾರ್ಷಲ್ ಎಂಬವನನ್ನು. ಸೈನ್ಯದ ಪೊಲೀಸ್ ಅಧಿಕಾರಿ ಇವನು. ಪೇಟೆಯಲ್ಲಿ ಒಂದು ಆಫೀಸು, ಒಂದು ಮೇಜು, ಒಂದಿಬ್ಬರು ಗುಮಾಸ್ತರು. ಊರು ಬಿಟ್ಟು ಹೋಗಬೇಕಾದರೆ ಅವನ ಪಾಸು, ಬಂದೂಕು ಇಟ್ಟುಕೊಳ್ಳಬೇಕಾದರೆ ಅವನ ಒಪ್ಪಿಗೆ. ಕಾಗದ ಒಡೆದು ನೋಡುವವನೂ ಅವನೇ, ಪತ್ರಿಕೆ ಮುಚ್ಚಿಸುವವನೂ ಅವನೇ. 1862ರಲ್ಲಿ ಕೊಲಂಬಿಯಾ ಊರಿನ ಒಂದು ವಾರಪತ್ರಿಕೆಯ ಸಂಪಾದಕ ಎಡ್ಮಂಡ್ ಎಲ್ಲಿಸ್‌ನನ್ನು ಸೇನಾ ಆಯೋಗದ, ಅಂದರೆ ಸೈನ್ಯದ ಅಧಿಕಾರಿಗಳೇ ಕೂತ ನ್ಯಾಯಾಲಯದ, ಮುಂದೆ ನಿಲ್ಲಿಸಿ, ರಾಜ್ಯದಿಂದ ಗಡೀಪಾರು ಮಾಡಿ, ಅಚ್ಚಿನ ಯಂತ್ರವನ್ನೂ ಕಿತ್ತುಕೊಂಡರು.

ನನಗೆ ಕುತೂಹಲ ಹುಟ್ಟಿಸುವುದು ಬೇರೆ. ಈ ಅಧಿಕಾರಿಗೆ ಊರಿನ ಜನರ ಪರಿಚಯ ಇರಲೇಬೇಕೆಂದಿಲ್ಲ. ಯಾರು ನಿಷ್ಠರು, ಯಾರು ಅಲ್ಲ ಎಂದು ಹೇಳಲು ಅಕ್ಕಪಕ್ಕದವರೇ ಬೇಕು. ಹಾಗಾಗಿ ಬೇಲಿ ಜಗಳ, ಹಳೇ ಸಾಲ, ಮದುವೆ ಮುರಿದ ಸಿಟ್ಟು ಎಲ್ಲವೂ "ಇವನು ದಂಗೆಕೋರರ ಕಡೆ" ಎಂಬ ದೂರಾಗಿ ಆ ಮೇಜಿಗೆ ಬಂದು ಬೀಳಬಹುದಿತ್ತು. ಆದೇಶ ಬಂದದ್ದು ಸೈನ್ಯದ ಮುಖ್ಯ ಕಚೇರಿ ಇದ್ದ ಸೇಂಟ್ ಲೂಯಿಸ್ ಪಟ್ಟಣದಿಂದ. ಅದರ ಕೆಳಗೆ ಯಾರ ಹೆಸರು ಬರೆಯಬೇಕು ಅಂತ ತೀರ್ಮಾನ ಆಗುತ್ತಿದ್ದದ್ದು ಪಕ್ಕದ ಮನೆಯಲ್ಲಿ.

ಪ್ರಮಾಣ ಮಾಡಿ ಸಹಿ ಹಾಕಿದರೆ ಮುಗೀತಲ್ವಾ? ಅದಕ್ಕೇನು ಅಷ್ಟು ತಲೆಬಿಸಿ?

ಬರೀ ಸಹಿ ಆಗಿದ್ದರೆ ತಲೆಬಿಸಿ ಇರಲಿಲ್ಲ. ನಿಷ್ಠೆಯ ಪ್ರಮಾಣದ ಜೊತೆಗೆ ಮುಚ್ಚಳಿಕೆಯನ್ನೂ ಬರೆಸಿಕೊಳ್ಳುತ್ತಿದ್ದರು. ಮಾತಿಗೆ ತಪ್ಪಿದರೆ ಸಾವಿರ ಡಾಲರೋ ಅದಕ್ಕಿಂತ ಜಾಸ್ತಿಯೋ ಕಟ್ಟುತ್ತೇನೆ ಅಂತ. ಅದಕ್ಕೆ ಜಾಮೀನು ನಿಲ್ಲಲು ಇನ್ನೊಬ್ಬರು ಬೇಕು. ಅಂದರೆ ನೀನು ತಪ್ಪಿದರೆ ನಿನ್ನ ಮಾವನ ಜಮೀನೂ ಹೋಗುತ್ತದೆ. ಸೈನ್ಯಕ್ಕೆ ಇದು ಅಗ್ಗದ ಉಪಾಯ. ಒಬ್ಬನ ಮೇಲೆ ಕಣ್ಣಿಡುವ ಕೆಲಸವನ್ನು ಅವನ ನೆಂಟರಿಗೇ ವಹಿಸಿದಂತಾಯಿತು.

ಆ ಕಾಗದ ಜೇಬಲ್ಲಿದ್ದರೂ ಕಷ್ಟ. ಸೈನಿಕರಿಗೆ ತೋರಿಸಿದರೆ ಬಿಡುತ್ತಿದ್ದರು, ಕಾಡಿನಲ್ಲಿದ್ದ ಗೆರಿಲ್ಲಾಗಳ ಕೈಗೆ ಸಿಕ್ಕರೆ ಅದೇ ಕಾಗದ ಮರಣಪತ್ರ.

ರಾತ್ರಿ ಹೊತ್ತು ಯಾರಾದರೂ ಬಂದು ಊಟ ಕೇಳಿದರೆ ಏನು ಮಾಡುತ್ತಿದ್ದರು?

ಇದೇ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ಕೇಳಿದ್ದು ನಮ್ಮತ್ತೆ.

ಗೆರಿಲ್ಲಾಗಳನ್ನು ಇಲ್ಲಿ ಬುಷ್‌ವ್ಯಾಕರ್ ಎನ್ನುತ್ತಿದ್ದರು. ಪೊದೆಯಲ್ಲಿ ಅಡಗಿದ್ದು ಮೇಲೆ ಬೀಳುವವರು. ವಿಲಿಯಂ ಕ್ವಾಂಟ್ರಿಲ್ ಅವರ ದೊಡ್ಡ ನಾಯಕ. ಆಮೇಲೆ ದರೋಡೆಕೋರರಾಗಿ ಹೆಸರು ಮಾಡಿದ ಫ್ರಾಂಕ್ ಜೇಮ್ಸ್, ಕೋಲ್ ಯಂಗರ್ ಅವನ ಜೊತೆಗಿದ್ದವರೇ. ಆ ಕಡೆಯಿಂದ ಬಂದು ಲೂಟಿ ಮಾಡುತ್ತಿದ್ದ ಕಾನ್ಸಾಸ್‌ನವರಿಗೆ ಜೇಹಾಕರ್ ಎಂಬ ಹೆಸರು. ನಡುವೆ ನೀಲಿ ಅಂಗಿಯ ಯೂನಿಯನ್ ಸೈನಿಕರು.

ತೊಂದರೆ ಎಂದರೆ ಬುಷ್‌ವ್ಯಾಕರ್‌ಗಳೂ ಸತ್ತ ಸೈನಿಕರ ನೀಲಿ ಅಂಗಿ ಹಾಕಿಕೊಂಡು ಬರುತ್ತಿದ್ದರು. ಬಾಗಿಲು ಬಡಿದು "ನೀವು ಯಾರ ಕಡೆ?" ಎಂದು ಕೇಳುತ್ತಿದ್ದರು. ಕೇಳುತ್ತಿರುವವನು ಯಾರು ಅಂತ ಗೊತ್ತಿಲ್ಲದೆ ಉತ್ತರ ಹೇಳಬೇಕು. ನಿಜವಾದ ಸೈನಿಕ ಎಂದುಕೊಂಡು "ಯೂನಿಯನ್" ಅಂದರೆ ಗಂಡಸನ್ನು ಅಂಗಳಕ್ಕೆ ಎಳೆದು ಗುಂಡಿಕ್ಕಬಹುದು. ಬುಷ್‌ವ್ಯಾಕರ್ ಎಂದುಕೊಂಡು "ದಕ್ಷಿಣ" ಅಂದರೆ ನಾಳೆ ಮನೆಗೆ ಬೆಂಕಿ.

ಊಟ ಹಾಕುವುದೂ ಅಷ್ಟೇ. ಆರು ಜನ ಬಂದೂಕು ಹಿಡಿದು ರೊಟ್ಟಿ ಕೇಳಿದರೆ ಇಲ್ಲ ಅನ್ನಲು ಆಗುತ್ತಾ? ಹಾಕಿದರೆ "ದಂಗೆಕೋರರಿಗೆ ಅನ್ನ ಹಾಕಿದವರು" ಅಂತ ಪ್ರೊವೋಸ್ಟ್ ಮಾರ್ಷಲ್ ಹತ್ತಿರ ದೂರು. ಹೆದರಿ ಹಾಕಿದ್ದೋ, ಪ್ರೀತಿಯಿಂದ ಹಾಕಿದ್ದೋ ಯಾರು ಅಳೆಯುತ್ತಾರೆ? ಎಷ್ಟೋ ಸಲ ಉಣ್ಣಲು ಬಂದವನು ಮನೆಯ ಮಗನೇ ಆಗಿರುತ್ತಿದ್ದ. ಇದನ್ನು ಹೇಳಿದಾಗ ನಮ್ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಗಾದ್ರೆ ಒಲೆ ಹೊಗೆ ಕಂಡರೂ ಭಯ" ಎಂದರು.

ಸುಮ್ನೆ ಯಾವ ಪಕ್ಷಕ್ಕೂ ಸೇರದೆ ಹೊಲ ನೋಡ್ಕೊಂಡು ಇರಬಹುದಿತ್ತಲ್ಲ?

1862ರ ಜುಲೈ ತನಕ ಒಂದಷ್ಟು ಜನ ಹಾಗೇ ಇದ್ದರು. ಆ ತಿಂಗಳ 22ರಂದು ಜನರಲ್ ಜಾನ್ ಸ್ಕೋಫೀಲ್ಡ್ ಒಂದು ಆದೇಶ ಹೊರಡಿಸಿದ. ಮೈಯಲ್ಲಿ ಶಕ್ತಿ ಇರುವ ಗಂಡಸರೆಲ್ಲ ರಾಜ್ಯದ ಮಿಲಿಷಿಯಾಗೆ, ಅಂದರೆ ಊರ ಕಾವಲು ಪಡೆಗೆ, ಹೆಸರು ಬರೆಸಬೇಕು. ಬಂದೂಕು ಒಪ್ಪಿಸಬೇಕು. ದಕ್ಷಿಣದ ಕಡೆ ಒಲವು ಇರುವವರು ಬಂದು ಹಾಗಂತಲೇ ಬರೆಸಬೇಕು. ಅಂಥವರಿಗೆ ಕಾವಲು ಕೆಲಸ ಇಲ್ಲ, ಆದರೆ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ.

ಲೆಕ್ಕ ಹಾಕಿ ನೋಡಿ. ಸೇರಿದರೆ ಪಕ್ಕದ ಮನೆಯವನ ಮೇಲೆ ಬಂದೂಕು ಎತ್ತಬೇಕು. ಸೇರಲ್ಲ ಎಂದರೆ "ದ್ರೋಹಿ" ಪಟ್ಟಿ. ಎರಡೂ ಬೇಡ ಎಂದವನಿಗೆ ಉಳಿದದ್ದು ಕಾಡು. ಐವತ್ತು ಸಾವಿರದಷ್ಟು ಜನ ಮಿಲಿಷಿಯಾಗೆ ಹೆಸರು ಬರೆಸಿದರು ನಿಜ. ಆದರೆ ಆ ಬೇಸಿಗೆಯಲ್ಲೇ ಕ್ವಾಂಟ್ರಿಲ್‌ನಂಥವರ ಗುಂಪಿಗೆ ಎಷ್ಟೋ ಹುಡುಗರು ಹೋಗಿ ಸೇರಿದರು. ಸೈನ್ಯವೇ ಶತ್ರುವಿಗೆ ಆಳು ಹುಡುಕಿಕೊಟ್ಟಂತಾಯಿತು ಅಂತ ನನ್ನ ಅನಿಸಿಕೆ.

ಒಬ್ಬನನ್ನು ಕೊಂದರೆ ಊರವರೇ ದಂಡ ಕಟ್ಟಬೇಕಿತ್ತಂತೆ, ಹೌದಾ?

ಹೌದು. 1862ರ ಜೂನ್‌ನ ಒಂದು ಆದೇಶದ ಪ್ರಕಾರ ಗೆರಿಲ್ಲಾಗಳು ಒಬ್ಬ ಸೈನಿಕನನ್ನೋ ಯೂನಿಯನ್ ಪರ ಇದ್ದವನನ್ನೋ ಕೊಂದರೆ ಆ ಕೌಂಟಿಯ ದಂಗೆಕೋರರು ಮತ್ತು ಅವರ ಪರ ಇರುವವರು ಸೇರಿ 5,000 ಡಾಲರ್ ಕೊಡಬೇಕು. ಗಾಯವಾದರೆ ಸಾವಿರದಿಂದ ಐದು ಸಾವಿರ. ಸುಟ್ಟುಹೋದ ಆಸ್ತಿಗೆ ಪೂರ್ತಿ ಬೆಲೆ. ಯಾರು ಎಷ್ಟು ಕೊಡಬೇಕು ಎಂದು ತೀರ್ಮಾನಿಸಲು ಸ್ಥಳೀಯರ ಮಂಡಳಿ. ಆ ಮಂಡಳಿ ಯಾರ ಹೊಲಕ್ಕೆ ಕಣ್ಣು ಹಾಕುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ದೂರು ಜಾಸ್ತಿಯಾಗಿ 1863ರ ಶುರುವಿನಲ್ಲಿ ಲಿಂಕನ್ನೇ ಇದನ್ನು ನಿಲ್ಲಿಸಬೇಕಾಯಿತು.

ಹೆಂಗಸರನ್ನೂ ಜೈಲಿಗೆ ಹಾಕುತ್ತಿದ್ದರಾ?

ಹಾಕುತ್ತಿದ್ದರು. ಗಂಡಸರು ಕಾಡಿನಲ್ಲಿದ್ದರೆ ಅವರಿಗೆ ಊಟ, ಬಟ್ಟೆ, ಮದ್ದುಗುಂಡು, ಸುದ್ದಿ ಮುಟ್ಟಿಸುತ್ತಿದ್ದವರು ಅಕ್ಕ, ತಂಗಿ, ಅಮ್ಮಂದಿರು. ಸೈನ್ಯಕ್ಕೆ ಅದು ಗೊತ್ತಿತ್ತು. 1863ರ ಬೇಸಿಗೆಯಲ್ಲಿ ಗೆರಿಲ್ಲಾಗಳ ಮನೆಯ ಹೆಣ್ಣುಮಕ್ಕಳನ್ನು ಹಿಡಿದು ಕಾನ್ಸಾಸ್ ಸಿಟಿಯ ಒಂದು ಕಟ್ಟಡದಲ್ಲಿ ಕೂಡಿಹಾಕಿದ್ದರು. ಆಗಸ್ಟ್ 13ರಂದು ಆ ಕಟ್ಟಡ ಕುಸಿಯಿತು. ಕನಿಷ್ಠ ನಾಲ್ವರು ಸತ್ತರು. ಅವರಲ್ಲೊಬ್ಬಳು ಜೋಸೆಫೀನ್ ಆ್ಯಂಡರ್ಸನ್. ಅವಳ ಅಣ್ಣ ಬಿಲ್ ಆ್ಯಂಡರ್ಸನ್ ಆಮೇಲೆ "ಬ್ಲಡಿ ಬಿಲ್" ಎಂಬ ಹೆಸರು ಪಡೆದ.

ಬೇಕೆಂದೇ ಬೀಳಿಸಿದರು ಅಂತ ಗೆರಿಲ್ಲಾಗಳು ನಂಬಿದರು. ಎಂಟೇ ದಿನಕ್ಕೆ, ಆಗಸ್ಟ್ 21ರ ಬೆಳಗ್ಗೆ, ಕ್ವಾಂಟ್ರಿಲ್ ಸುಮಾರು 400 ಜನರೊಂದಿಗೆ ಕಾನ್ಸಾಸ್‌ನ ಲಾರೆನ್ಸ್ ಊರಿಗೆ ನುಗ್ಗಿದ. 150ಕ್ಕೂ ಹೆಚ್ಚು ಗಂಡಸರನ್ನು, ಹುಡುಗರನ್ನು ಅವರವರ ಮನೆಯವರ ಕಣ್ಣೆದುರೇ ಕೊಂದು ಊರಿಗೆ ಬೆಂಕಿ ಇಟ್ಟರು. ಕಟ್ಟಡ ಬಿದ್ದದ್ದಕ್ಕೇ ಇದು ನಡೆಯಿತು ಎನ್ನಲು ನಾನು ತಯಾರಿಲ್ಲ. ಇಂಥ ದಾಳಿಗೆ ಮೊದಲಿನಿಂದಲೇ ತಯಾರಿ ಬೇಕು. ಆದರೆ ದಾಳಿಗೆ ಹೋದವರಲ್ಲಿ ಆ ಹುಡುಗಿಯರ ಅಣ್ಣತಮ್ಮಂದಿರು ಇದ್ದದ್ದು ನಿಜ.

ಗುಲಾಮರಾಗಿದ್ದವರ ಕಥೆ ಏನು? ಅವರಿಗೆ ಸೈನ್ಯ ಬಂದದ್ದು ಒಳ್ಳೆಯದೇ ಆಯ್ತಲ್ವಾ?

ಅರ್ಧ ಮಾತ್ರ. 1860ರ ಜನಗಣತಿಯಂತೆ ಮಿಸೌರಿಯಲ್ಲಿ 1,14,931 ಗುಲಾಮರಿದ್ದರು. ಗುಲಾಮರಿಗೆ ಬಿಡುಗಡೆ ಎಂದು ಸಾರಿದ 1863ರ ಜನವರಿಯ ಲಿಂಕನ್ ಘೋಷಣೆ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ ಅನ್ವಯ. ಮಿಸೌರಿ ಒಕ್ಕೂಟದಲ್ಲೇ ಉಳಿದಿದ್ದರಿಂದ ಅಲ್ಲಿನವರಿಗೆ ಅದರ ಲಾಭ ಸಿಗಲಿಲ್ಲ. ಅಲ್ಲಿ ಬಿಡುಗಡೆಗೆ ದಾರಿ ಇದ್ದದ್ದು ದಂಗೆಕೋರರ ಗುಲಾಮರಿಗೆ ಮಾತ್ರ, ಹಾಗಾಗಿ ಒಡೆಯ "ನಾನು ನಿಷ್ಠ" ಎಂದು ಪ್ರಮಾಣ ಮಾಡಿದರೆ ಗುಲಾಮನ ಬಿಡುಗಡೆಯ ದಾರಿ ಮುಚ್ಚಿಹೋಗುತ್ತಿತ್ತು! ಒಬ್ಬನ ನಿಷ್ಠೆಯ ಕಾಗದ ಇನ್ನೊಬ್ಬನಿಗೆ ಸಂಕೋಲೆ.

ಅವರು ಕಾಯುತ್ತಾ ಕೂರಲಿಲ್ಲ. ರಾತ್ರೋರಾತ್ರಿ ಗಡಿ ದಾಟಿ ಕಾನ್ಸಾಸ್ ಸೇರಿದರು. ಅಲ್ಲಿ ಕಟ್ಟಿದ ಕಪ್ಪು ಸೈನಿಕರ ದಳದಲ್ಲಿ ಇಂಥವರು ಬಹಳ ಮಂದಿ. 1862ರ ಅಕ್ಟೋಬರ್ 29ರಂದು ಅವರು ಬೇಟ್ಸ್ ಕೌಂಟಿಯ ಐಲೆಂಡ್ ಮೌಂಡ್‌ನಲ್ಲಿ ಗೆರಿಲ್ಲಾಗಳೊಡನೆ ಕಾದಾಡಿ ಗೆದ್ದರು. ಈ ಯುದ್ಧದಲ್ಲಿ ಕಪ್ಪು ದಳ ಹೋರಾಡಿದ ಮೊದಮೊದಲ ಕಾಳಗಗಳಲ್ಲಿ ಇದೂ ಒಂದು. ಮಿಸೌರಿಯಲ್ಲಿ ಗುಲಾಮಗಿರಿ ಕಾನೂನಿನಂತೆ ಮುಗಿದದ್ದು 1865ರ ಜನವರಿ 11ರಂದು.

## ಆರ್ಡರ್ ನಂಬರ್ 11

ಆ ಹನ್ನೊಂದನೇ ಆದೇಶದಲ್ಲಿ ಇದ್ದದ್ದಾದರೂ ಏನು?

ಲಾರೆನ್ಸ್ ದಾಳಿಯಾಗಿ ನಾಲ್ಕು ದಿನಕ್ಕೆ, 1863ರ ಆಗಸ್ಟ್ 25ರಂದು, ಬ್ರಿಗೇಡಿಯರ್ ಜನರಲ್ ಥಾಮಸ್ ಯೂಯಿಂಗ್ ಹೊರಡಿಸಿದ ಆದೇಶ. ಜಾಕ್ಸನ್, ಕ್ಯಾಸ್, ಬೇಟ್ಸ್ ಕೌಂಟಿಗಳು ಮತ್ತು ವರ್ನನ್‌ನ ಉತ್ತರ ಭಾಗದಲ್ಲಿರುವವರೆಲ್ಲ 15 ದಿನದಲ್ಲಿ ಮನೆ ಬಿಡಬೇಕು. ಕೊನೆಯ ದಿನ ಸೆಪ್ಟೆಂಬರ್ 9. ಇಂಡಿಪೆಂಡೆನ್ಸ್, ಹಿಕ್ಮನ್ಸ್ ಮಿಲ್ಸ್, ಪ್ಲೆಸೆಂಟ್ ಹಿಲ್, ಹ್ಯಾರಿಸನ್‌ವಿಲ್ ಈ ನಾಲ್ಕು ಸೇನಾ ಠಾಣೆಗಳ ಸುತ್ತ ಒಂದು ಮೈಲಿಯೊಳಗೆ ಇರುವವರಿಗೆ, ಕಾನ್ಸಾಸ್ ಸಿಟಿ ಪಕ್ಕದ ಒಂದು ತುಂಡು ನೆಲದವರಿಗೆ ಮಾತ್ರ ವಿನಾಯಿತಿ.

ನಿಷ್ಠೆ ತೋರಿಸಿ ಸರ್ಟಿಫಿಕೇಟ್ ಪಡೆದವರು ಠಾಣೆಗಳ ಹತ್ತಿರಕ್ಕೋ ಕಾನ್ಸಾಸ್‌ನ ಒಳಭಾಗಕ್ಕೋ ಹೋಗಬಹುದು. ಮಿಕ್ಕವರು ಆ ಪ್ರಾಂತ್ಯದಲ್ಲೇ ಇರಕೂಡದು. ಠಾಣೆಗೆ ಸಾಗಿಸಲು ಆಗುವ ಕಾಳು, ಹುಲ್ಲು ಸೈನ್ಯಕ್ಕೆ. ಆಗದೇ ಉಳಿದದ್ದನ್ನು ನಾಶ ಮಾಡಬೇಕು.

ಗಮನಿಸಿ, ನಿಷ್ಠನೂ ಮನೆ ಬಿಡಲೇಬೇಕು. ಕಾಡಿನವರಿಗೆ ಊಟ ಸಿಗಬಾರದು ಅಂದರೆ ಯಾರ ಒಲೆಯೂ ಉರಿಯಬಾರದು, ಅದು ಯೂಯಿಂಗ್‌ನ ಲೆಕ್ಕ. ಈ ಯೂಯಿಂಗ್ ಕಾನ್ಸಾಸ್ ಸುಪ್ರೀಂ ಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿಯಾಗಿದ್ದವನು. ಕಾನೂನು ಗೊತ್ತಿಲ್ಲದೆ ಬರೆದ ಆದೇಶ ಅಂತ ಹೇಳುವ ಹಾಗಿಲ್ಲ.

15 ದಿನದಲ್ಲಿ ಒಂದು ಸಂಸಾರ ಏನೇನು ತೆಗೆದುಕೊಂಡು ಹೋಗೋಕಾಗುತ್ತೆ?

ಒಂದು ಗಾಡಿ ತುಂಬುವಷ್ಟು, ಗಾಡಿ ಇದ್ದರೆ. ಒಳ್ಳೆಯ ಕುದುರೆಗಳನ್ನು ಎರಡೂ ಪಕ್ಷದವರು ಮೊದಲೇ ಹೊತ್ತೊಯ್ದಿದ್ದರು. ಮುದಿ ಎತ್ತು, ಕೆಲವು ಕಡೆ ಹಸುಗಳನ್ನೇ ಗಾಡಿಗೆ ಕಟ್ಟಿದರು. ದುಡಿಯುವ ಗಂಡಸರು ಸತ್ತೋ, ಸೈನ್ಯದಲ್ಲೋ, ಕಾಡಿನಲ್ಲೋ ಇದ್ದರು. ಹೊರಟವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ಜೋಳ ಇನ್ನೂ ಹೊಲದಲ್ಲೇ ನಿಂತಿತ್ತು, ಕೊಯ್ಲಿಗೆ ಸ್ವಲ್ಪ ದಿನ ಬಾಕಿ. ರೈತರ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೊರಟವರ ಬೆನ್ನ ಹಿಂದೆಯೇ ಮನೆಗಳಿಗೆ ಬೆಂಕಿ ಬಿತ್ತು. ಮನೆ ಸುಡಿ ಎಂದು ಆದೇಶದಲ್ಲಿ ಇರಲಿಲ್ಲ. ಆದರೆ ಅದನ್ನು ಜಾರಿ ಮಾಡಲು ಬಂದವರಲ್ಲಿ ಕಾನ್ಸಾಸ್ ದಳದವರೂ ಇದ್ದರು, ಲಾರೆನ್ಸ್‌ನ ಹೊಗೆ ಅವರ ಕಣ್ಣಿನಿಂದ ಇನ್ನೂ ಹೋಗಿರಲಿಲ್ಲ. ಬೇಝಲ್ ಲಝಿಯರ್ ಎಂಬ ಯೂನಿಯನ್ ಅಧಿಕಾರಿ ಹೆಂಡತಿಗೆ ಬರೆದ ಪತ್ರ ಉಳಿದಿದೆ. ಊರಿಗೆ ಊರೇ ಹಾಳು ಬಿದ್ದಿರುವುದನ್ನು, ಮೈಮೇಲೆ ಸರಿಯಾಗಿ ಬಟ್ಟೆಯಿಲ್ಲದ ಹೆಂಗಸರು ಮಕ್ಕಳು ನಡೆದುಕೊಂಡು, ಹಳೇ ಗಾಡಿಗಳಲ್ಲಿ ಹೋಗುತ್ತಿರುವುದನ್ನು ಕಂಡು ಸಂಕಟವಾಯಿತು ಎಂದು ಅವನು ಬರೆದಿದ್ದಾನೆ. ಹಾಗೆ ಬರೆದವನು ಆದೇಶ ಜಾರಿ ಮಾಡುವ ಕಡೆಯವನೇ.

ಸುಮಾರು 20,000 ಜನ ಹೋದರು ಎನ್ನುವುದು ಸಾಮಾನ್ಯ ಅಂದಾಜು. ಯುದ್ಧಕ್ಕೆ ಮುಂಚೆ ಹತ್ತು ಸಾವಿರದ ಹತ್ತಿರ ಇದ್ದ ಕ್ಯಾಸ್ ಕೌಂಟಿಯಲ್ಲಿ ಉಳಿದದ್ದು 600 ಎನ್ನುತ್ತಾರೆ. ಬೇಟ್ಸ್ ಬಹುತೇಕ ಖಾಲಿ. ಮರದ ಮನೆಗಳು ಬೂದಿಯಾದವು, ಕಲ್ಲು ಇಟ್ಟಿಗೆಯ ಹೊಗೆಗೂಡುಗಳು ಮಾತ್ರ ನಿಂತವು. ಜೇಹಾಕರ್ ನಾಯಕ ಜೆನ್ನಿಸನ್ ಹೆಸರಲ್ಲಿ ಜನ ಅವುಗಳನ್ನು "ಜೆನ್ನಿಸನ್ನನ ಗೋರಿಕಲ್ಲು" ಎಂದು ಕರೆದರು. ಆ ನೆಲಕ್ಕೆ "ಸುಟ್ಟ ಸೀಮೆ" ಎಂದೇ ಹೆಸರಾಯಿತು. ಹಳೇ ಮನೆ ಯಾಕಿಲ್ಲ ಅಂತ ಕೇಳುವ ನೆಂಟರಿಗೆ ಉತ್ತರ ಇಲ್ಲಿದೆ.

ಹೋದವರು ವಾಪಸ್ ಬಂದರಾ?

ಕೆಲವರು. 1863ರ ನವೆಂಬರಿನಲ್ಲೇ ಆದೇಶ ಸಡಿಲವಾಯಿತು. 1864ರ ಜನವರಿಯಲ್ಲಿ ಆ ಪ್ರದೇಶ ಎಗ್ಬರ್ಟ್ ಬ್ರೌನ್ ಎಂಬ ಜನರಲ್ ಕೈಗೆ ಬಂತು. ನಿಷ್ಠೆ ತೋರಿಸಿದವರು ಬರಬಹುದು ಎಂದ. ಆದರೆ ಬರುವುದು ಎಲ್ಲಿಗೆ? ಬಹಳ ಮಂದಿ ಯುದ್ಧ ಮುಗಿದ ಮೇಲೆ ಬಂದರು, ಇನ್ನು ಎಷ್ಟೋ ಜನ ಬರಲೇ ಇಲ್ಲ. 1870ರ ಹೊತ್ತಿಗೆ ಕ್ಯಾಸ್‌ನಲ್ಲಿ ಜನ ಮೊದಲಿಗಿಂತ ದುಪ್ಪಟ್ಟು ಹತ್ತಿರ ಆದರು, ಅವರಲ್ಲಿ ಹೊಸಬರೇ ಬಹಳ.

ಹೊರಟ ಮಕ್ಕಳಲ್ಲಿ ಮಾರ್ಥಾ ಎಲೆನ್ ಯಂಗ್ ಎಂಬ ಹತ್ತು ವರ್ಷದ ಹುಡುಗಿಯೂ ಇದ್ದಳು. ಅವಳ ಮಗ ಹ್ಯಾರಿ ಟ್ರೂಮನ್ ಮುಂದೆ ಅಮೆರಿಕದ ಅಧ್ಯಕ್ಷನಾದ. ಆ ಯುದ್ಧದ ಸಿಟ್ಟು ಆಕೆಗೆ ಮುದುಕಿಯಾಗುವ ತನಕ ಇಳಿಯಲಿಲ್ಲವಂತೆ.

ಇಷ್ಟೆಲ್ಲ ಮಾಡಿದ್ದಕ್ಕೆ ಗೆರಿಲ್ಲಾಗಳ ಕಾಟ ನಿಂತಿತಾ?

ಗಡಿಯಲ್ಲಿ ಕಡಿಮೆಯಾಯಿತು. ಕಾನ್ಸಾಸ್ ಮೇಲೆ ಲಾರೆನ್ಸ್‌ನಂಥ ದಾಳಿ ಮತ್ತೆ ಆಗಲಿಲ್ಲ. ಯೂಯಿಂಗ್ ಪರ ಮಾತಾಡುವವರು ಇದನ್ನೇ ಹೇಳುತ್ತಾರೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಗೆರಿಲ್ಲಾಗಳು ಚಳಿಗಾಲಕ್ಕೆ ಟೆಕ್ಸಾಸ್‌ಗೆ ಹೋಗಿ, ಮರುವರ್ಷ ಮಿಸೌರಿಯ ನಡುಭಾಗದಲ್ಲಿ ಕಾಣಿಸಿಕೊಂಡರು. 1864ರ ಸೆಪ್ಟೆಂಬರ್ 27ರಂದು ಸೆಂಟ್ರಾಲಿಯಾದಲ್ಲಿ ಬಿಲ್ ಆ್ಯಂಡರ್ಸನ್ ಗುಂಪು ರೈಲಿನಿಂದ ಇಳಿಸಿದ ನಿರಾಯುಧ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಕೊಂದಿತು. ಬೆಂಕಿ ಆರಲಿಲ್ಲ, ಪೂರ್ವಕ್ಕೆ ಸರಿಯಿತು ಅಷ್ಟೆ.

## ಇನ್ನೂ ಆಳಕ್ಕೆ ಹೋಗುವವರಿಗೆ

ಕೋರ್ಟಿಗೆ ಹೋಗೋಕೆ ಆಗ್ತಿರಲಿಲ್ವಾ? ಯಾರೂ ಕೇಳೋರೇ ಇರಲಿಲ್ವಾ?

ಹೇಬಿಯಸ್ ಕಾರ್ಪಸ್ ಇರಲಿಲ್ಲ. ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಅಂತ ಕೇಳುವ ಹಕ್ಕು ಅದು. ಸೇನಾ ಆಯೋಗಗಳೇ ನ್ಯಾಯಾಲಯ. ಯುದ್ಧದಲ್ಲಿ ಇಡೀ ದೇಶದಲ್ಲಿ ನಡೆದ ಇಂಥ ವಿಚಾರಣೆಗಳಲ್ಲಿ ಅರ್ಧಕ್ಕೆ ಹತ್ತಿರ ಮಿಸೌರಿ ಒಂದರಲ್ಲೇ ನಡೆದವು. ಸಿಕ್ಕಿಬಿದ್ದವರು ಸೇಂಟ್ ಲೂಯಿಸ್‌ನ ಗ್ರಾಷಿಯಟ್ ಬೀದಿಯ ಜೈಲಿಗೆ ಹೋಗುತ್ತಿದ್ದರು. ಅದು ಮೊದಲು ವೈದ್ಯಕೀಯ ಕಾಲೇಜಾಗಿತ್ತು.

ಉಳಿದ ಒಂದೇ ದಾರಿ ಲಿಂಕನ್‌ಗೆ ಅರ್ಜಿ. ಸೇಂಟ್ ಲೂಯಿಸ್‌ನ ಪಾದ್ರಿ ಸ್ಯಾಮುಯೆಲ್ ಮೆಕ್‌ಫೀಟರ್ಸ್ ಮೇಲಿದ್ದ ದೂರುಗಳಲ್ಲಿ ಒಂದು, ದಕ್ಷಿಣದ ಜನರಲ್ ಸ್ಟರ್ಲಿಂಗ್ ಪ್ರೈಸ್‌ನ ಹೆಸರನ್ನು ಒಂದು ಮಗುವಿಗೆ ಇಟ್ಟು ದೀಕ್ಷೆ ಕೊಟ್ಟ ಎಂಬುದು! ಅವನನ್ನು ಗಡೀಪಾರು ಮಾಡಲು ಹೊರಟಾಗ ಲಿಂಕನ್ ತಡೆದು, ಚರ್ಚು ನಡೆಸುವುದು ಸರ್ಕಾರದ ಕೆಲಸವಲ್ಲ ಎಂಬರ್ಥದಲ್ಲಿ ಬರೆದ. ಪಾದ್ರಿಗೆ ಪೇಟೆಯಲ್ಲಿ ಪರಿಚಯದವರಿದ್ದರು. ಹಳ್ಳಿಯವನ ಅರ್ಜಿ ಅಲ್ಲಿಯ ತನಕ ಹೋಗುತ್ತಿದ್ದದ್ದು ಅಪರೂಪ. 1862ರ ಅಕ್ಟೋಬರ್ 18ರಂದು ಪಾಮೈರಾದಲ್ಲಿ, ಕಾಣೆಯಾದ ಒಬ್ಬ ಯೂನಿಯನ್ ಪರ ಮುದುಕನಿಗೆ ಬದಲಾಗಿ ಹತ್ತು ಕೈದಿಗಳನ್ನು ಕೊಂದರು. ಅವನ ಅಪಹರಣದಲ್ಲಿ ಅವರ ಕೈವಾಡ ಇತ್ತೇ ಎಂದು ಯಾರೂ ಕೇಳಲಿಲ್ಲ.

ಸುಪ್ರೀಂ ಕೋರ್ಟು ಬಾಯಿ ಬಿಟ್ಟದ್ದು ಎಲ್ಲ ಮುಗಿದ ಮೇಲೆ. 1866ರಲ್ಲಿ ಇಂಡಿಯಾನಾದ ಮಿಲಿಗನ್ ಎಂಬವನ ಪ್ರಕರಣದಲ್ಲಿ, ಸಾಮಾನ್ಯ ಕೋರ್ಟುಗಳು ತೆರೆದಿರುವ ಕಡೆ ನಾಗರಿಕರನ್ನು ಸೇನಾ ಆಯೋಗ ವಿಚಾರಿಸುವಂತಿಲ್ಲ ಎಂದಿತು.

ಆರ್ಡರ್ 11 ಅಂತ ಒಂದು ಪೇಂಟಿಂಗ್ ನೋಡಿದ್ದೆ. ಅದನ್ನು ನಂಬಬಹುದಾ?

ಜಾರ್ಜ್ ಕೇಲೆಬ್ ಬಿಂಗಮ್ ಬರೆದದ್ದು. ಎರಡು ಪ್ರತಿ ಇವೆ, ಒಂದು ಸಿನ್ಸಿನಾಟಿಯಲ್ಲಿ, ಇನ್ನೊಂದು ಮಿಸೌರಿಯ ರಾಜ್ಯ ಇತಿಹಾಸ ಸಂಘದಲ್ಲಿ. ಬಿಂಗಮ್ ಯೂನಿಯನ್ ಪಕ್ಷದವನೇ, ಆಗ ರಾಜ್ಯದ ಖಜಾಂಚಿ. ಹೆಂಗಸರ ಮೇಲೆ ಕುಸಿದ ಆ ಕಟ್ಟಡ ಅವನ ಮನೆಯವರಿಗೆ ಸೇರಿದ್ದು ಎನ್ನುವುದನ್ನೂ ನೆನಪಿಡಿ. ಆದೇಶ ಹಿಂತೆಗೆದುಕೊಳ್ಳದಿದ್ದರೆ ಕುಂಚದಿಂದಲೇ ನಿನ್ನ ಹೆಸರು ಕೆಡಿಸುತ್ತೇನೆ ಎಂದು ಯೂಯಿಂಗ್‌ಗೆ ಹೇಳಿದ್ದ ಅಂತ ಮಾತಿದೆ.

ಚಿತ್ರದಲ್ಲಿ ಗಾಡಿಗಳ ಸಾಲು, ದೂರದ ಹೊಗೆ, ಸೈನಿಕನ ಎದುರು ನಿಂತ ಮನೆಯ ಯಜಮಾನ ಇದ್ದಾರೆ. ಅಷ್ಟನ್ನು ನಂಬಬಹುದು. ಮೂರ್ಛೆ ಹೋದ ಬಿಳಿಯ ಹೆಣ್ಣನ್ನು ಹಿಡಿದುಕೊಂಡ ಕಪ್ಪು ಹೆಂಗಸಿನ ವಿಷಯಕ್ಕೆ ಬಂದರೆ ನನಗೆ ಅನುಮಾನ. ಅವಳು ಎಲ್ಲಿಗೆ ಹೊರಟಿದ್ದಳು ಎಂದು ಚಿತ್ರಕಾರ ಕೇಳಿದಂತೆ ಕಾಣುವುದಿಲ್ಲ.

ಇದೆಲ್ಲ ಮುಗಿದದ್ದು ಯಾವಾಗ?

1865ರ ಮಾರ್ಚಿನಲ್ಲಿ ಗವರ್ನರ್ ಫ್ಲೆಚರ್ ಸಾಮಾನ್ಯ ಕಾನೂನು ವಾಪಸು ಬಂತು ಎಂದು ಸಾರಿದ. ಆದರೆ ಪ್ರಮಾಣದ ಕಾಟ ಮುಗಿಯಲಿಲ್ಲ. ಅದೇ ವರ್ಷದ ಹೊಸ ರಾಜ್ಯ ಸಂವಿಧಾನ ಮತದಾರರು, ಮೇಷ್ಟ್ರುಗಳು, ವಕೀಲರು, ಪಾದ್ರಿಗಳೆಲ್ಲ "ನಾನು ಎಂದೂ ದಂಗೆಯವರಿಗೆ ಒಲವು ತೋರಿಸಿಲ್ಲ" ಅಂತ ಪ್ರಮಾಣ ಮಾಡಬೇಕು ಎಂದಿತು. ಆ ರಾತ್ರಿ ರೊಟ್ಟಿ ಹಾಕಿದ್ದು ಮತ್ತೆ ಲೆಕ್ಕಕ್ಕೆ ಬಂತು! ಜಾನ್ ಕಮಿಂಗ್ಸ್ ಎಂಬ ಕ್ಯಾಥೊಲಿಕ್ ಪಾದ್ರಿ ಪ್ರಮಾಣ ಮಾಡದೆ ಪ್ರವಚನ ಮಾಡಿ ಸಿಕ್ಕಿಬಿದ್ದ. 1867ರಲ್ಲಿ ಸುಪ್ರೀಂ ಕೋರ್ಟು ಅವನ ಪರ ತೀರ್ಪು ಕೊಟ್ಟಿತು. ಮತದಾರರ ಮೇಲಿದ್ದ ಷರತ್ತು ಹೋಗಲು 1870 ಬರಬೇಕಾಯಿತು.

ನಮ್ಮ ಕಡೆ ಯಾವತ್ತಾದರೂ ಮಾರ್ಷಲ್ ಲಾ ಇತ್ತಾ?

ಕನ್ನಡ ಮಾತಾಡುವವರೂ ಬಹಳ ಇರುವ ಸೊಲ್ಲಾಪುರದಲ್ಲಿ ಇತ್ತು, 1930ರ ಮೇ ತಿಂಗಳಲ್ಲಿ. ಗಾಂಧೀಜಿಯನ್ನು ಬಂಧಿಸಿದ ಮೇಲೆ ಊರು ಎದ್ದಿತು, ಬ್ರಿಟಿಷರ ಕೈತಪ್ಪಿತು, ಸೈನ್ಯ ಬಂತು. ಆ ಗಲಭೆಯ ಪ್ರಕರಣದಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ ಇವರನ್ನು 1931ರ ಜನವರಿ 12ರಂದು ಗಲ್ಲಿಗೇರಿಸಿದರು. ಅದು ಗಿರಣಿಗಳ ಪೇಟೆ, ಎದುರಿಗಿದ್ದದ್ದು ಪರದೇಶದ ಸರ್ಕಾರ. ಮಿಸೌರಿಯ ಹಳ್ಳಿಗೂ ಅದಕ್ಕೂ ಹೋಲಿಕೆ ಅಷ್ಟಾಗಿ ಕೂಡುವುದಿಲ್ಲ.

ನಮ್ಮನ್ನೂ ಕರ್ಕೊಂಡು ಹೋದ್ರೆ ಏನು ನೋಡಬಹುದು?

ನೋಡಲು ಕಡಿಮೆ, ಓದಲು ಜಾಸ್ತಿ. ಪ್ರೊವೋಸ್ಟ್ ಮಾರ್ಷಲ್‌ಗಳ ಕಾಗದಗಳು, ಅಂದರೆ ದೂರು, ಪಾಸು, ಮುಚ್ಚಳಿಕೆ, ಅರ್ಜಿ ಎಲ್ಲ ಉಳಿದಿವೆ. ಮಿಸೌರಿ ರಾಜ್ಯ ದಾಖಲೆ ಇಲಾಖೆಯವರು ಹೆಸರು, ಕೌಂಟಿ ಹಾಕಿ ಹುಡುಕುವ ಪಟ್ಟಿ ಮಾಡಿದ್ದಾರೆ. ಒಂದು ಕೌಂಟಿ ಆರಿಸಿಕೊಂಡು ಒಂದು ಸಂಜೆ ಕೂತರೆ ಎದ್ದೇಳಲು ಮನಸ್ಸಾಗುವುದಿಲ್ಲ.

ಹ್ಯಾರಿಸನ್‌ವಿಲ್‌ನಲ್ಲಿ ಸುಟ್ಟ ಸೀಮೆಯ ನೆನಪಿಗೆ ಒಂದು ಹೊಗೆಗೂಡನ್ನೇ ಸ್ಮಾರಕ ಮಾಡಿ ನಿಲ್ಲಿಸಿದ್ದಾರೆ. ಅಲ್ಲಿಂದ ದಕ್ಷಿಣಕ್ಕೆ ಬಟ್ಲರ್ ಊರಿನ ಹತ್ತಿರ ಐಲೆಂಡ್ ಮೌಂಡ್ ಇದೆ. ಬರೀ ಹುಲ್ಲುಗಾವಲು, ನಡುವೆ ಕಾಲುದಾರಿ, ಓದಲು ಫಲಕಗಳು. ಬಿಸಿಲಲ್ಲಿ ಹೋಗುವುದಾದರೆ ಟೋಪಿ, ನೀರು ಇಟ್ಟುಕೊಳ್ಳಿ. ನೆರಳು ಕಡಿಮೆ.